ನಲವತ್ತೆರಡು ಅಡಿ

ಬಾಯಿ, ಎಲ್ಲರದೂ ಬಾಯಿ ತೆರೆದೇ ಇದೆ, ಕತ್ತು ಹಿಂದಕ್ಕೆ ಚೆಲ್ಲಿ ಛಾವಣಿ ನೋಡುವ ಮನುಷ್ಯನಿಗೆ ತನ್ನ ಬಾಯಿ ತೆರೆದುಕೊಂಡದ್ದು ಗೊತ್ತೇ ಆಗುವುದಿಲ್ಲ, ಎದುರಿಗೆ ನಿಂತ ಗೈಡಿಗೆ ಮಾತ್ರ ಗೊತ್ತು, ದಿನಕ್ಕೆ ನಾಲ್ಕು ಸಲ, ಸಲಕ್ಕೆ ಮೂವತ್ತು ಬಾಯಿ, ಹುಳುಕು ಹಲ್ಲು, ಸಿಮೆಂಟು ತುಂಬಿದ ದವಡೆಹಲ್ಲು, ನಾಲಿಗೆಯ ಮೇಲೆ ಬೆಳಗಿನ ತಿಂಡಿಯ ಚೂರು, ಅಗೋ ಆ ಹಸಿರು ಸ್ವೆಟರಿನಾಕೆಯ ಕಿರುನಾಲಿಗೆ ಕೂಡ ಕಾಣುತ್ತಿದೆ, ಥೂ, ಮುಚ್ಚಮ್ಮಾ ತಾಯಿ, ನೊಣ ಹೋದೀತು — ಆದರೆ ಗೈಡಾದ ಅವಳ ಗಂಟಲು ತನ್ನ ಪಾಡಿಗೆ ತಾನು ಹೇಳುತ್ತಲೇ ಇದೆ, ಇಲ್ಲಿಂದ ಕಮಾನಿನ ನೆತ್ತಿಗೆ ನೂರಾ ಹನ್ನೆರಡು ಅಡಿ, ಗಮನಿಸಿ, ಕಂಬಗಳು ಮೇಲೆ ಹೋಗುತ್ತಾ ಕವಲೊಡೆದು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಭಾರ ಬೀಳುವುದು ಗೋಡೆಗಲ್ಲ, ಹೊರಗೆ ಆನಿಸಿ ನಿಲ್ಲಿಸಿದ ಕಲ್ಲಿನ ಆಸರೆಗಂಬಗಳಿಗೆ, ಅದಕ್ಕೇ ಗೋಡೆಯಲ್ಲಿ ಇಷ್ಟು ದೊಡ್ಡ ಕಿಟಕಿ ತೆರೆದು ಬಣ್ಣದ ಗಾಜು ಕೂರಿಸಲಿಕ್ಕಾಯಿತು, ಈ ಕೆಥೆಡ್ರಲ್ ಕಟ್ಟುವುದಕ್ಕೆ ನೂರಾ ಅರವತ್ತು ವರ್ಷ ಹಿಡಿಯಿತು — ಅಬ್ಬಬ್ಬಾ ಅನ್ನುತ್ತಾರೆ, ಇದೇ ಜಾಗದಲ್ಲಿ ಅಬ್ಬಬ್ಬಾ ಅನ್ನುತ್ತಾರೆ, ಮಳೆಯಾಗಲಿ ಬಿಸಿಲಾಗಲಿ, ಆಮೇಲೆ ಒಬ್ಬ ಗಂಡಸು ಕೇಳಿಯೇ ಕೇಳುತ್ತಾನೆ, ಮೇಡಂ, ಆಗ ಕ್ರೇನ್ ಇರ್ಲಿಲ್ವಲ್ಲಾ, ಕಲ್ಲು ಹೆಂಗೆ ಏರಿಸಿದ್ರು, ಮನುಷ್ಯರನ್ನ ಹಾಕಿ ಏರಿಸಿದ್ರು ಸ್ವಾಮೀ, ಸತ್ತವರನ್ನ ಪಕ್ಕಕ್ಕೆ ಸರಿಸಿ ಏರಿಸಿದ್ರು, ಅನ್ನಬೇಕೆನಿಸುತ್ತದೆ, ರಾಟೆ ಹಾಕಿ ಸಾರ್ ಅನ್ನುತ್ತಾಳೆ, ನಗುತ್ತಾಳೆ, ನಗುವುದು ಕೆಲಸದಲ್ಲೇ ಸೇರಿದೆ. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿದೆ, ಹನ್ನೆರಡಕ್ಕೆ ಅಪ್ಪ ಬರುತ್ತಾರೆ.

ಹನ್ನೆರಡಕ್ಕೆ ಅಪ್ಪ ಬರುತ್ತಾರೆ, ಗಾಲಿಕುರ್ಚಿಯಲ್ಲಿ, ಮೂಗಿಗೆ ಕೊಳವೆ, ತೊಡೆಯ ಮೇಲೆ ಮಗುವಿನ ಹಾಗೆ ಕೂತ ಆಕ್ಸಿಜನ್ ಸಿಲಿಂಡರು, ಪಕ್ಕದ ಮನೆ ನರ್ಸಮ್ಮ ತಳ್ಳಿಕೊಂಡು ಬರುತ್ತಾಳೆ, ನೀನು ಹೋಗಮ್ಮಾ ಡ್ಯೂಟಿಗೆ, ನಿಮ್ಮಪ್ಪಂಗೆ ಒಳ್ಳೆ ಶರ್ಟ್ ಹಾಕಿ ಮದುಮಗನ ಥರ ಕರ್ಕೊಂಡ್ ಬರ್ತೀನಿ ಅಂದಿದ್ದಾಳೆ, ಮದುಮಗ, ಹೌದು, ಬೆಳಿಗ್ಗೆ ಆರಕ್ಕೆ ಮದುಮಗ ಬಟ್ಟಲಿನಲ್ಲಿ ಬಿಟ್ಟಿದ್ದನ್ನು ಚೆಲ್ಲಿದವಳು ಮಗಳು, ಬೂದಿ ಬಣ್ಣದ ಕಫ, ಅಂಟು, ಬಟ್ಟಲು ಬೋರಲು ಹಾಕಿದರೂ ಬೀಳುವುದಿಲ್ಲ, ಬೆರಳು ಹಾಕಿ ತಳ್ಳಬೇಕು, ಡಾಕ್ಟರು ಹೇಳಿದರು ಇದು ಕಲ್ಲಿನ ಪುಡಿ, ನಲವತ್ತು ವರ್ಷ ಕಲ್ಲು ಕೆತ್ತುವಾಗ ಮೂಗಿನಿಂದ ಒಳಗೆ ಹೋದದ್ದು ಈಗ ಬಾಯಿಂದ ಬರ್ತಾ ಇದೆ ಅಷ್ಟೆ, ಇನ್ನು ವಾರಗಳ ಲೆಕ್ಕ, ಅಷ್ಟೆಯಂತೆ — ಅವಳು ಮುಖ ಆಚೆ ತಿರುಗಿಸಿ ಬಟ್ಟಲು ತೊಳೆಯುತ್ತಾಳೆ, ಮುಖ ತಿರುಗಿಸಿದ್ದನ್ನು ಅಪ್ಪ ನೋಡುತ್ತಾರೆ, ನೋಡಿದ್ದನ್ನು ಅವಳು ನೋಡುತ್ತಾಳೆ, ನೋಡುವುದೊಂದು ಚೆನ್ನಾಗಿ ಬರುತ್ತದೆ ಆ ಮನುಷ್ಯನಿಗೆ, ಮೊದಲಿನಿಂದಲೂ. ಮಾತು ಹೋಗಿ ಎರಡು ತಿಂಗಳು, ಉಸಿರು ಒಂದೆರಡು ಶಬ್ದಕ್ಕೆ ಸಾಲುತ್ತದೆ, ನೀರು, ಅಥವಾ, ಕಿಟಕಿ, ಅಥವಾ ಈ ಹೊಸ ಹುಚ್ಚು, ಅಡಿ, ಅಡಿ ನೋಡು, ಕೆಥೆಡ್ರಲ್ ಕಚೇರಿಯವರು ಗೋಡೆಯ ಮೇಲೆ ಅಪ್ಪ ಕೆತ್ತಿದ ಕಲ್ಲಿಗೆ ಸಮಾರಂಭ ಮಾಡುತ್ತಾರೆ ಅಂತ ತಿಳಿದ ದಿನದಿಂದ ಇದೇ ಜಪ, ಅಡಿ, ನಲವತ್ತೆರಡು ಅಡಿ ಅಪ್ಪಾ, ಅವಳು ಹೇಳುತ್ತಾಳೆ, ನನಗೆ ಗೊತ್ತಿಲ್ವಾ, ದಿನಾ ಹೇಳ್ತೀನಲ್ಲಾ, ನಿಮ್ಮ ಕಲ್ಲು ನೆಲದಿಂದ ನಲವತ್ತೆರಡು ಅಡಿ ಮೇಲಿದೆ, ತಲೆ ಅಲ್ಲಾಡಿಸುತ್ತಾರೆ, ಅಲ್ಲ, ಅಡಿ, ಕೆಮ್ಮು, ಬಟ್ಟಲು. ಸಾಯುವಾಗಲೂ ಅಳತೆಯೇ ಬೇಕು ಕೆಲವರಿಗೆ. ಕಲ್ಲಿನ ಅಳತೆ ಬಿಟ್ಟು ಬೇರೆ ಏನನ್ನು ಕೇಳಿದ್ದಾರೆ ಈ ಮನುಷ್ಯ, ಊಟ ಮಾಡಿದೆಯಾ ಅಂತ ಕೇಳಿದ್ದು ನೆನಪಿಲ್ಲ.

ಬನ್ನಿ, ಹೀಗೆ ಬನ್ನಿ, ಮೆಟ್ಟಿಲು ಜೋಪಾನ, ಗುಂಪು ಅವಳ ಹಿಂದೆ ಉತ್ತರದ ಬಾಗಿಲಿನಿಂದ ಹೊರಗೆ ಹರಿಯುತ್ತದೆ, ಹೊರಗೆ ಉಚ್ಚೆಯ ವಾಸನೆ, ಇಂಥ ಗೋಡೆಯ ಮೂಲೆಗೂ ನಿಲ್ಲುತ್ತವಲ್ಲ ಮುಂಡೇವು, ಪಾರಿವಾಳದ ಹಿಕ್ಕೆ ಕಲ್ಲಿನ ಮೇಲೆ ಸುಣ್ಣದ ಹಾಗೆ ಇಳಿದಿದೆ, ಅದರಲ್ಲಿರುವ ಹುಳಿ ಕಲ್ಲನ್ನೇ ತಿನ್ನುತ್ತದೆ, ಮಳೆಯೂ ತಿನ್ನುತ್ತದೆ, ಅದಕ್ಕೇ ನೋಡಿ ಈ ಮುಖಗಳು, ಮಾಡಿನ ನೀರು ಗೋಡೆಗೆ ಇಳಿದರೆ ಗಾರೆ ತೊಳೆದು ಹೋಗುತ್ತದೆ ಅಂತ ನೀರನ್ನು ದೂರ ಉಗುಳುವುದಕ್ಕೆ ಈ ಬಾಯಿಗಳು, ಸುತ್ತ ಅರವತ್ತೆಂಟು ಇವೆ, ನಾಯಿ, ಸಿಂಹ, ರೆಕ್ಕೆ ಇರುವ ಹಂದಿ — ಮೇಡಂ ಆ ಫೇಮಸ್ ಅಜ್ಜಿ ಯಾವ್ದು, ಬಂತು, ಬಂದೇ ಬಂತು, ಕಿರುಚೋ ಅಜ್ಜಿ, ಯಾವ ಪುಣ್ಯಾತ್ಮ ಇಟ್ಟನೋ ಹೆಸರು, ಕಣ್ಣು ಹಿಂಡಿಕೊಂಡು ಕತ್ತಿನ ನರ ಹುರಿಗಟ್ಟಿ ಬಾಯಿ ಅಗಲಿಸಿದ ಹೆಂಗಸಿನ ಮುಖ, ಈ ಗೋಡೆಯ ಮೂರನೆಯದು, ಇವತ್ತು ಬಟ್ಟೆ ಹೊದ್ದು ಕೂತಿದೆ, ಅರವತ್ತೆಂಟರಲ್ಲಿ ಎಲ್ಲರೂ ಫೋಟೋ ಹೊಡೆಯುವುದು ಅದೊಂದನ್ನೇ, ಇಲ್ಲಿನ ಅಂಗಡಿಯಲ್ಲಿ ಅದರದೇ ಬೀಗದ ಕೈ ಗೊಂಚಲು, ಅದರದೇ ಚಹದ ಬಟ್ಟಲು, ಬಾಟಲಿ ಮುಚ್ಚಳ ತೆಗೆಯುವ ಒಂದು ಸಾಮಾನು ಕೂಡ ಇದೆ, ಅಜ್ಜಿಯ ಬಾಯೊಳಗೆ ಬಾಟಲಿಯ ಕುತ್ತಿಗೆ ತೂರಿಸಿ ಮೀಟಬೇಕು, ಟಪ್ ಅನ್ನುತ್ತದೆ, ಹಿ ಹಿ ಹಿ, ಒಂದು ದಿನ ಅಂಗಡಿಯಾಕೆ ಅದನ್ನೇ ಕೈಯಲ್ಲಿ ಹಿಡಿದು ತಗೊಳ್ಳೇ, ಸ್ಟಾಫಿಗೆ ಫ್ರೀ ಅಂದಳು, ಅವಳು ಕಕ್ಕಸಿಗೆ ಓಡಿ ಕಕ್ಕಿದಳು, ಏನೇ ವಿಶೇಷಾನಾ ಅಂತ ನಕ್ಕರು ಎಲ್ಲರೂ. ಅಜ್ಜಿಯಂತೆ, ಅಮ್ಮನಿಗೆ ಆಗ ಮೂವತ್ತನಾಲ್ಕು.

ಮೂವತ್ತನಾಲ್ಕು, ಹೊಟ್ಟೆಯಲ್ಲಿ ಗಡ್ಡೆ, ನೀರು ಕುಡಿದರೆ ನೀರು ವಾಪಸು, ಹಾಲು ಕುಡಿದರೆ ಹಾಲು, ಏನೂ ಕುಡಿಯದಿದ್ದರೂ ಹಸಿರು, ಬೀದಿ ಕಡೆ ಕೋಣೆಯ ಮಂಚ, ಅವಳಿಗೆ ಹತ್ತು ವರ್ಷ, ಎರಡೂ ಕೈಯಲ್ಲಿ ನೀಲಿ ಅಂಚಿನ ಬಿಳಿ ಎನಾಮಲ್ ಬೋಗುಣಿ, ಹುಳಿ ವಾಸನೆ, ಇವತ್ತಿಗೂ ಎಲ್ಲಾದರೂ ಹಾಲು ಒಡೆದ ವಾಸನೆ ಬಂದರೆ ಅವಳ ಕೈ ತಾನಾಗಿ ಮುಂದೆ ಬರುತ್ತದೆ, ಹಿಡಿಯುವುದಕ್ಕೆ — ಬೋಗುಣಿ ಒಂದು ದಿನ ಕೈಜಾರಿ ಬಿದ್ದು ಅಂಚಿನಲ್ಲಿ ಉಗುರಗಲ ಚಕ್ಕೆ ಹಾರಿಹೋಯಿತು, ಕೆಳಗಿನ ಕಪ್ಪು ತಗಡು ಕಂಡಿತು, ಅಪ್ಪ ಬೈಯುತ್ತಾರೆ, ಚಕ್ಕೆ ಹಾರಿದ ಕಲ್ಲನ್ನು ಸುತ್ತಿಗೆಯಲ್ಲಿ ಪುಡಿ ಮಾಡಿಬಿಡುವ ಮನುಷ್ಯ, ಮೂರು ವಾರದ ಕೆಲಸವಾದರೂ ಸರಿ, ಚಕ್ಕೆ ಅಂದರೆ ಅಪ್ಪನಿಗೆ ಮಾನ ಹೋದ ಹಾಗೆ, ಅದಕ್ಕೇ ಅವಳು ಅದರ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ ಹಿಡಿದುಕೊಳ್ಳುತ್ತಿದ್ದಳು, ಯಾವಾಗಲೂ, ಯಾರಿಗೂ ಹೇಳಲಿಲ್ಲ, ಅಮ್ಮನಿಗೂ. ಅಮ್ಮ ಮೊಣಕೈ ಊರಿ ಎದ್ದು ಬಾಯಿ ಅಗಲಿಸುತ್ತಾಳೆ, ಕತ್ತಿನ ನರ ಎದ್ದು ನಿಲ್ಲುತ್ತದೆ, ಶಬ್ದವೇ ಇಲ್ಲ, ಕಿರುಚುವುದಕ್ಕೆ ಉಸಿರೆಲ್ಲಿತ್ತು, ಆಮೇಲೆ ಸುರಿಯುತ್ತದೆ, ಬಿಸಿ, ಬೋಗುಣಿಯ ತಗಡಿನೊಳಗಿಂದ ಅಂಗೈಗೆ ಬಿಸಿ ತಾಗುತ್ತದೆ, ಮತ್ತು ಅಪ್ಪ, ಅಪ್ಪ ಎಲ್ಲಿ, ಅಪ್ಪ ಇಲ್ಲೇ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ, ಮೊಣಕಾಲ ಮೇಲೆ ಸಿಮೆಂಟು ಚೀಲದ ಕಾಗದ, ಕೈಯಲ್ಲಿ ಕಲ್ಲಿಗೆ ಗೀಟು ಹಾಕುವ ಚಪ್ಪಟೆ ಪೆನ್ಸಿಲು, ಗೀಚುತ್ತಿದ್ದಾರೆ, ತಲೆ ಎತ್ತುತ್ತಾರೆ ಗೀಚುತ್ತಾರೆ, ಅಮ್ಮನ ಬಾಯಿ ನೋಡುತ್ತಾರೆ ಗೀಚುತ್ತಾರೆ, ಬೆನ್ನು ಸವರಲಿಲ್ಲ, ಬೋಗುಣಿ ತೆಗೆದುಕೊಳ್ಳಲಿಲ್ಲ, ಒಂದು ಮಾತು ಆಡಿದರು, ಮೂವತ್ತಮೂರು ವರ್ಷವಾಯಿತು ಆ ಮಾತಿಗೆ, ಸ್ವಲ್ಪ ಸರಿ ಪುಟ್ಟೀ, ಬೆಳಕಿಗೆ ಅಡ್ಡ ಬರ್ತಿದೀಯ. ಸರಿದಳು. ಬೋಗುಣಿಯ ಸಮೇತ ಸರಿದಳು, ಅರ್ಧ ಬೋಗುಣಿಗೆ ಬಿತ್ತು, ಅರ್ಧ ಅವಳ ಕೈಮೇಲೆ.

ಎರಡು ವರ್ಷದ ನಂತರ ಸತ್ತ ಅಮ್ಮ ಕಲ್ಲಾಗಿ ಗೋಡೆ ಏರಿದಳು, ಹಳೆಯ ಮುಖ ಗಾಳಿಮಳೆಗೆ ಮುರಿದು ಬಿದ್ದಿತ್ತಂತೆ, ಅಪ್ಪನಿಗೆ ಹೊಸದು ಮಾಡು ಅಂದಿದ್ದರಂತೆ, ಹನ್ನೆರಡು ವರ್ಷದ ಹುಡುಗಿ ಕೆಳಗೆ ನಿಂತು ತಲೆ ಎತ್ತಿದಳು, ಮೊದಲ ಮಳೆಗೆ ಅಮ್ಮ ಕಕ್ಕುವುದನ್ನು ಕಂಡಳು, ಜನ ಚಪ್ಪಾಳೆ ತಟ್ಟಿದರು. ಆವತ್ತಿನಿಂದ ಅಪ್ಪನ ಹತ್ತಿರ ಅವಳದು ಬೇಕಾದಷ್ಟೇ ಮಾತು. ಹನ್ನೊಂದು ವರ್ಷದ ಹಿಂದೆ ಗೈಡಿನ ಕೆಲಸ ಸಿಕ್ಕಾಗ ಕಚೇರಿಯವರು ಬಾಯಿಪಾಠಕ್ಕೆ ಕೊಟ್ಟ ಹಾಳೆಯಲ್ಲಿ ಬರೆದಿತ್ತು, ಮೂರನೆಯ ಮುಖ, ಏಳುನೂರು ವರ್ಷ ಹಳೆಯದು, ಅನಾಮಧೇಯ ಶಿಲ್ಪಿಯ ಕೃತಿ, ಯಾರ ತಪ್ಪೋ, ಯಾರೂ ಕೇಳಿರಲಿಲ್ಲ, ಅವಳೂ ತಿದ್ದಲಿಲ್ಲ, ಯಾಕೆ ತಿದ್ದಬೇಕು, ಅನಾಮಧೇಯ, ಆಹಾ ಎಂಥ ಸೊಗಸಾದ ಮಾತು, ದಿನಕ್ಕೆ ನಾಲ್ಕು ಸಲ ಅಪ್ಪನ ಹೆಸರನ್ನು ತನ್ನ ಬಾಯಿಂದಲೇ ಅಳಿಸುವುದು, ನಾಲಿಗೆ ಮೇಲೆ ಪೆಪ್ಪರಮೆಂಟು ಇಟ್ಟ ಹಾಗೆ ತಂಪಾಗುತ್ತಿತ್ತು, ಅನಾಮಧೇಯ — ಅದನ್ನೂ ಕಿತ್ತುಕೊಂಡರು. ಕಚೇರಿಯ ಮುಖ್ಯಸ್ಥರು, ಸೆಕೆಯಲ್ಲೂ ಟೈ ಬಿಚ್ಚದವರು, ಟೈ ಸಾಹೇಬರು ಅಂತಲೇ ಎಲ್ಲರ ಬಾಯಲ್ಲಿ, ಗೋಡೆ ತೊಳೆಸುವ ಮುಂಚೆ ಹಳೇ ಫೈಲು ತಿರುವಿದರಂತೆ, ಅಪ್ಪನ ಹೆಸರು ಸಿಕ್ಕಿತಂತೆ, ಏನ್ರೀ ಇದು, ನಿಮ್ಮ ತಂದೆಯವರದ್ದಂತೆ, ಹೇಳೋದಲ್ವಾ ಇಷ್ಟು ದಿನ, ಎಂಥಾ ವಿನಯಾರೀ ನಿಮ್ಮ ಮನೆತನದ್ದು, ಕಣ್ಣಲ್ಲಿ ನೀರು ತಂದುಕೊಂಡರು ಮಾರಾಯರು, ಫಲಕ ಹಾಕಿಸೋಣ, ಮುಖದ ಮೇಲೊಂದು ಬಟ್ಟೆ ಹೊದಿಸಿರೋಣ, ಮಗಳೇ ಸಾರುವೆ ಹತ್ತಿ ಬಟ್ಟೆ ಎಳೀಲಿ, ಮೈಕಲ್ಲಿ ಎರಡು ಮಾತು ಹೇಳಿ, ಯಾರನ್ನ ನೋಡಿ ಕೆತ್ತಿದ್ದು ಅಂತ ಏನಾದ್ರೂ ಕತೆ ಇದ್ದೇ ಇರುತ್ತೆ, ಜನಕ್ಕೆ ಕತೆ ಬೇಕು ನೋಡಿ. ಇದೆ ಸಾರ್, ಕತೆ ಇದೆ. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ, ಹೇಳುತ್ತೇನೆ, ಎರಡೇ ಮಾತು, ಇದು ಅಜ್ಜಿ ಅಲ್ಲ, ನಮ್ಮಮ್ಮ, ಸಾಯ್ತಾ ಕಕ್ತಾ ಇದ್ಲು, ಈ ಮನುಷ್ಯ ಪಕ್ಕದಲ್ಲಿ ಕೂತು ಚಿತ್ರ ಬರ್ಕೊಂಡ. ಆಮೇಲೆ ತಟ್ಟಲಿ ಚಪ್ಪಾಳೆ. ಅಪ್ಪನ ಕೊನೆಯ ಹೊರಸಂಚಾರ ಇದು, ಇನ್ನು ಮನೆಯಿಂದ ಹೊರಗೆ ಬರುವುದು ಮಲಗಿಕೊಂಡೇ, ಅದು ಅವಳಿಗೆ ಗೊತ್ತು, ಗೊತ್ತಿದ್ದೇ ಬೆಳಿಗ್ಗೆಯಿಂದ ಆ ಎರಡು ಮಾತನ್ನು ಮನಸ್ಸಿನಲ್ಲಿ ಉಜ್ಜಿ ಉಜ್ಜಿ ಹರಿತ ಮಾಡಿಟ್ಟುಕೊಂಡಿದ್ದಾಳೆ.

ಬಂದರು. ಕಲ್ಲುಹಾಸಿನ ಮೇಲೆ ಗಾಲಿಕುರ್ಚಿ ಗಡಗಡ ಅನ್ನುತ್ತದೆ, ಬಿಳಿ ಶರ್ಟಿನೊಳಗೆ ಅಪ್ಪ ಮುಳುಗಿಹೋಗಿದ್ದಾರೆ, ಕಾಲರಿನಿಂದ ಕೋಳಿ ಕತ್ತು, ಟೈ ಸಾಹೇಬರು ಬಗ್ಗಿ ಆ ಒಣಗಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕುತ್ತಾರೆ, ಬಿಡುತ್ತಲೇ ಇಲ್ಲ, ಕ್ಯಾಮೆರಾದವನು ಇನ್ನೂ ರೆಡಿಯಿಲ್ಲ ನೋಡಿ, ಮಹಾನುಭಾವರು ಅನ್ನುತ್ತಾರೆ, ಕಲಾತಪಸ್ವಿ ಅನ್ನುತ್ತಾರೆ, ಯಾವನಿಗೆ ಬೇಕು ನಿಮ್ಮ ತಪಸ್ಸು, ಅಪ್ಪ ಅವರನ್ನು ನೋಡುತ್ತಿಲ್ಲ, ಅವಳನ್ನು ನೋಡುತ್ತಿದ್ದಾರೆ, ಕೈಸನ್ನೆ ಮಾಡುತ್ತಾರೆ, ಬಗ್ಗುತ್ತಾಳೆ, ಬಗ್ಗಲೇಬೇಕು ಇಷ್ಟು ಜನರೆದುರು, ಕಫದ ವಾಸನೆ, ಅಡಿ, ಅನ್ನುತ್ತಾರೆ, ನಲವತ್ತೆರಡು ಅಪ್ಪಾ, ಹಲ್ಲು ಕಚ್ಚಿ, ನಲವತ್ತೆರಡು, ಅಲ್ಲ, ತಲೆ ಅಲ್ಲಾಡುತ್ತದೆ, ಕಣ್ಣಲ್ಲಿ ನೀರು, ಕೆಮ್ಮಿದ್ದಕ್ಕೆ ಬಂದ ನೀರು. ಬನ್ನಿ ಅಕ್ಕಾ ಹತ್ತಿ, ಸಾರುವೆಯವನು ಕರೆಯುತ್ತಾನೆ, ಗೋಡೆಗೆ ಈ ಕಬ್ಬಿಣದ ಸಾರುವೆ ಕಟ್ಟಿದವನು ಅವನೇ, ಕೊಳವೆಗೆ ಕೊಳವೆ ಬಿಗಿದು ಹಲಗೆ ಹಾಕಿದ್ದಾನೆ, ಕೆಳಗೆ ನೋಡ್ಬೇಡಿ, ಏಣಿ ಗಟ್ಟಿ ಹಿಡ್ಕೊಳ್ಳಿ, ಒಂದು, ಎರಡು, ಸೊಂಟಕ್ಕೆ ಸಿಕ್ಕಿಸಿದ ಮೈಕು ಪಕ್ಕೆಗೆ ಚುಚ್ಚುತ್ತದೆ. ಹತ್ತುತ್ತಾ ಹತ್ತುತ್ತಾ ಗೋಡೆ ಹತ್ತಿರ ಬರುತ್ತದೆ, ಅವಳು ಹನ್ನೊಂದು ವರ್ಷದಿಂದ ಬೆರಳು ಮಾಡಿ ತೋರಿಸಿದ ಗೋಡೆ, ಇಷ್ಟು ಹತ್ತಿರದಿಂದ ನೋಡಿದ್ದಿಲ್ಲ, ಯಾರೂ ನೋಡದ ಎತ್ತರದಲ್ಲೂ ಕಲ್ಲಿಗೆ ಕಲ್ಲು ಕೂದಲು ತೂರದಂತೆ ಕೂತಿದೆ, ಒಂದು ಮೂಲೆಯಲ್ಲಿ ಅಂಗೈಯಗಲದ ಒಂದು ಎಲೆ, ನರ ನರವೂ ಕೆತ್ತಿದ ಎಲೆ, ಎಲೆಯ ಹಿಂದೆ ಒಂದು ಬಸವನಹುಳು, ಯಾರಿಗಾಗಿ, ಕೆಳಗಿಂದ ಕಾಣುವುದೇ ಇಲ್ಲವಲ್ಲ — ಎದೆಯಲ್ಲಿ ಏನೋ ಒಂದು ಝುಂ ಅನ್ನುತ್ತದೆ, ಅಯ್ಯೋ ಎಷ್ಟು ಚೆಂದ ಅಂತ ಬಾಯಿಂದ ಬಂದೇಬಿಡುತ್ತದೆ, ಛೀ, ನಾನೂ ಬಾಯಿ ಬಿಟ್ಟೆನಲ್ಲ, ತನ್ನ ಬಾಯಿಯನ್ನು ತಾನೇ ಮುಚ್ಚಿಕೊಳ್ಳುತ್ತಾಳೆ, ಈ ಹಾಳು ಚೆಂದವೇ ಹಾಗೆ, ಬೆಳಗಿನ ಹೊತ್ತು ಬಣ್ಣದ ಕಿಟಕಿಯ ಕೆಂಪು ನೆಲದ ಮೇಲೆ ತೆವಳಿ ಬಂದು ಅವಳ ಚಪ್ಪಲಿ ಮುಟ್ಟಿದಾಗಲೂ ಹೀಗೇ ಆಗುತ್ತದೆ, ಆಮೇಲೆ ಇಡೀ ದಿನ ತನ್ನ ಮೇಲೇ ಹೇಸಿಗೆ. ಆ ಬಸವನಹುಳು ಕೆತ್ತಿದವನ ಹೆಂಡತಿಯೂ ಎಲ್ಲೋ ಕೋಣೆಯಲ್ಲಿ ನರಳುತ್ತಿದ್ದಿರಬೇಕು. ಐದನೇ ಹಲಗೆ, ಆರನೇ ಹಲಗೆ, ಇಲ್ಲೇ ಅಕ್ಕಾ, ನಿಲ್ಲಿ.

ನಿಂತಳು, ಬಟ್ಟೆ ಹೊದ್ದ ಅಮ್ಮ ತೋಳಳತೆಯಲ್ಲಿದ್ದಾಳೆ, ಕೆಳಗೆ ಇನ್ನೂರು ಮುಖ ಮೇಲಕ್ಕೆ ತಿರುಗಿವೆ, ಇನ್ನೂರು ಬಾಯಿ, ನಡುವೆ ಅಪ್ಪನ ಬಾಯಿ, ಅದು ತೆರೆದಿರುವುದು ಚೆಂದಕ್ಕಲ್ಲ, ಉಸಿರಿಗೆ, ಎಳೀರಿ ಮೇಡಂ ಅಂತ ಟೈ ಸಾಹೇಬರು ಕೈ ಬೀಸುತ್ತಾರೆ, ಎಳೆಯುತ್ತಾಳೆ, ಬಟ್ಟೆ ಜಾರುತ್ತದೆ, ಅಮ್ಮಾ — ತೊಳೆದ ಕಲ್ಲು ಬೆಳ್ಳಗಾಗಿದೆ, ಕಪ್ಪು ಹೋಗಿ ಮೂವತ್ತನಾಲ್ಕೇ ಆಗಿದೆ ವಯಸ್ಸು, ಹುಬ್ಬಿನ ನಡುವಿನ ಗೆರೆ, ಮೇಲಿನ ಸಾಲಿನಲ್ಲಿ ಒಂದು ಹಲ್ಲಿಲ್ಲ, ಹೌದು, ಇರಲಿಲ್ಲ, ಒದ್ದೆ ಕೂದಲು ಕೆನ್ನೆಗೆ ಅಂಟಿದೆ, ಒಂದನ್ನೂ ಬಿಟ್ಟಿಲ್ಲ ಮಹಾರಾಯ, ಬಾಯೊಳಗೆ ಮಾಡಿನ ನೀರು ಬರುವ ತಗಡಿನ ದೋಣಿ, ಒಣಗಿದ ಎಲೆ, ಸತ್ತ ಜೀರುಂಡೆ, ಕೆಳಗೆ ಚಪ್ಪಾಳೆ ಶುರುವಾಗಿದೆ, ವಾಹ್ ಅನ್ನುತ್ತಾರೆ, ಸರಿ, ಈಗ, ಸೊಂಟದಿಂದ ಮೈಕು ತೆಗೆದು ಗುಂಡಿ ಒತ್ತುತ್ತಾಳೆ, ಅವಳ ಉಸಿರು ಅಂಗಳದ ತುಂಬ ಬುಸ್ ಅನ್ನುತ್ತದೆ, ಇದು, ಅನ್ನುತ್ತಾಳೆ, ಇದು ಅಜ್ಜಿ ಅಲ್ಲ, ಸ್ಪೀಕರು ಅದನ್ನು ಗೋಡೆಗೆ ಬಡಿದು ವಾಪಸು ತರುತ್ತದೆ, ಅಲ್ಲ, ಅಲ್ಲ, ಜನ ನಗುತ್ತಾರೆ, ಏನೋ ತಮಾಷೆ ಹೇಳುತ್ತಾಳೆ ಅಂದುಕೊಂಡು, ಅಪ್ಪ ಕೈ ಎತ್ತಿದ್ದಾರೆ, ಒಂದು ಬೆರಳು, ಇಷ್ಟು ಎತ್ತರಕ್ಕೆ ಶಬ್ದ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ, ಆ ತುಟಿ ಇನ್ನೇನು ಹೇಳೀತು, ಅಡಿ, ಹೋಗಲಿ ಬಿಡಿ ಅಪ್ಪಾ ನಿಮ್ಮ ನಲವತ್ತೆರಡು — ಬೆರಳು ಮೇಲಕ್ಕೆ ತೋರಿಸುತ್ತಿಲ್ಲ, ಮೇಲೆದ್ದು ಕೆಳಕ್ಕೆ ಬಾಗುತ್ತದೆ, ಮೇಲೆದ್ದು ಕೆಳಕ್ಕೆ, ಮಡಕೆಯ ತಳ ಮುಟ್ಟಿ ನೋಡುವ ಹಾಗೆ, ಅಡಿ, ಅಡಿಯಲ್ಲಿ, ಅಯ್ಯೋ ಅಳತೆಯಲ್ಲ, ಇಷ್ಟು ದಿನ ಅಳತೆ ಅಂದುಕೊಂಡೆನಲ್ಲ, ಅಡಿ ಅಂದರೆ ಕೆಳಗೆ, ಬುಡ, ಅಡಿ ನೋಡು ಪುಟ್ಟೀ.

ಗದ್ದದ ಅಡಿ. ಗದ್ದಕ್ಕೂ ಕೆಳಗೆ ಗೋಡೆಯುದ್ದಕ್ಕೂ ಚಾಚಿಕೊಂಡ ಕಲ್ಲಿನ ಪಟ್ಟಿಗೂ ನಡುವೆ ಒಂದು ಗೇಣು ಜಾಗ, ಪಟ್ಟಿ ಅಡ್ಡ ಇರುವುದರಿಂದ ನೆಲದಿಂದ ನೋಡುವವರಿಗೆ ಕಾಣುವುದಿಲ್ಲ, ಸಾರುವೆ ಹತ್ತಿದವರಿಗೆ ಮಾತ್ರ, ತೊಳೆಯುವವರ ಬುರುಸೂ ಅಲ್ಲಿಗೆ ಹೋಗಿಲ್ಲ, ಪಾರಿವಾಳದ ಗೂಡು, ಹಿಕ್ಕೆ, ಪುಕ್ಕ, ಕೊಳೆತ ಮೊಟ್ಟೆಯ ನಾತ, ಅಕ್ಕಾ ಕೈ ಹಾಕ್ಬೇಡಿ ಗಲೀಜು, ಹಾಕುತ್ತಾಳೆ, ಬೆರಳು ಮೆತ್ತಗಿನದೇನನ್ನೋ ದಾಟಿ ಗಟ್ಟಿಯಾದದ್ದನ್ನು ಮುಟ್ಟುತ್ತದೆ, ಒಂದು ಉಬ್ಬು, ಪಕ್ಕದಲ್ಲಿ ಇನ್ನೊಂದು, ಮೂರು, ನಾಲ್ಕು, ಅವಳು ಗೂಡನ್ನು ಗೋರಿ ಆಚೆಗೆಸೆಯುತ್ತಾಳೆ, ಹಲಗೆಯ ಮೇಲೆ ಮಂಡಿಯೂರಿ ಬಗ್ಗಿ ನೋಡುತ್ತಾಳೆ, ಕೈ, ಎರಡು ಕೈ, ಪುಟ್ಟವು, ಗಂಟು ಮಣಿಕಟ್ಟು, ಅಷ್ಟೇ, ಮೈಯಿಲ್ಲ ಮುಖವಿಲ್ಲ, ಅಮ್ಮನ ಗದ್ದದ ಕೆಳಗೆ ಒಂದು ಬೋಗುಣಿಯ ಅಂಚನ್ನು ಎರಡೂ ಕಡೆಯಿಂದ ಹಿಡಿದಿವೆ, ಎಷ್ಟು ಬಿಗಿಯಾಗಿ ಅಂದರೆ ಗೆಣ್ಣುಗಳು ಎದ್ದಿವೆ, ಅಂದರೆ ಇವರು, ಅಂದರೆ ನನ್ನನ್ನೂ, ಥೂ, ನನ್ನನ್ನೂ ಬಿಡಲಿಲ್ಲವಲ್ಲ, ಸರಿ ಅಂದು ಪಕ್ಕಕ್ಕೆ ಸರಿಸಿ ಅಲ್ಲೂ ನೋಡಿದರಲ್ಲ, ಎಲ್ಲ ನೋಡಿದವರು ಎದ್ದು ಬಂದು ಒಂದು ಸಲ ಬೋಗುಣಿ ಹಿಡಿಯಬಾರದಿತ್ತೇ, ಹೇಸಿಗೆ, ಮೇಡಂ ಮೈಕ್ ಆನ್ ಇದೆ, ಟೈ ಸಾಹೇಬರು ಕೆಳಗಿಂದ, ಹೇಳಿ ಮೇಡಂ, ಅಜ್ಜಿ ಅಲ್ಲ ಮತ್ಯಾರು, ಸ್ಪೀಕರಿನಲ್ಲಿ ಅವಳದೇ ಉಸಿರು, ಬುಸ್, ಬುಸ್, ಕಲ್ಲಿನ ಬಲಗೈ ಹೆಬ್ಬೆರಳು ಮಾತ್ರ ಬೇರೆ ಥರ ಇದೆ, ಅಂಚಿನ ಮೇಲೆ ಅಡ್ಡ ಮಲಗಿದೆ, ಹಾಗೆ ಯಾರೂ ಹಿಡಿಯುವುದಿಲ್ಲ, ಅವಳು ತನ್ನ ಗಲೀಜು ಹೆಬ್ಬೆರಳನ್ನು ಅದರ ಮೇಲಿಡುತ್ತಾಳೆ, ಅದರ ಪಕ್ಕಕ್ಕೆ ಸರಿಸುತ್ತಾಳೆ, ತಗ್ಗು, ಉಗುರಗಲ, ಅರ್ಧ ಕಲ್ಲಿನ ಬೆರಳಿನ ಕೆಳಗೆ ಅಡಗಿದೆ, ಅರ್ಧ ಹೊರಗೆ, ಮುರಿದದ್ದಲ್ಲ, ಉಳಿಯ ತುದಿಯಲ್ಲಿ ಬೇಕೆಂದೇ ತೆಗೆದದ್ದು, ಚಕ್ಕೆ ಹಾರಿದ ಕಲ್ಲನ್ನು ಪುಡಿ ಮಾಡುತ್ತಿದ್ದ ಮನುಷ್ಯ, ಅವಳು ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ, ಅಂದರೆ ಆಗಲೇ ಕಂಡಿದ್ದರು, ಕಂಡೂ ಬೈಯಲಿಲ್ಲ, ಹೇಳಿ ಮೇಡಂ, ಯಾರಿಗೂ, ಕೆಳಗೆ ಅಪ್ಪನ ಕೈ ಇನ್ನೂ ಗಾಳಿಯಲ್ಲೇ ಇದೆ, ಮೈಕು ಅವಳ ಎಡಗೈಯಲ್ಲಿದೆ, ಬಲಗೈ ಹೆಬ್ಬೆರಳು ತಗ್ಗಿನಲ್ಲಿ, ಚಕ್ಕೆ, ಅಂಚಿನಲ್ಲಿ ಉಗುರಗಲದ ಚಕ್ಕೆ, ಅದರ ಮೇಲೆ ಹತ್ತು ವರ್ಷದ ಹೆಬ್ಬೆರಳು, ಚಕ್ಕೆ, ಹೆಬ್ಬೆರಳು